ಹಡಗು ಕೆತ್ತಿದ ರೂವಾರಿಗಳು

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಶಿವಮೊಗ್ಗ, ಹಾವೇರಿ ಕಡೆಯ ಊರುಗಳಲ್ಲಿ ಗುಡಿಯ ಮಗ್ಗುಲಲ್ಲೋ ಕೆರೆ ಏರಿಯ ಮೇಲೋ ಇವನ್ನು ಕಂಡವರಿಗೆ ಅದರ ಕ್ರಮ ಗೊತ್ತೇ ಇರುತ್ತದೆ. ಅಡಿಯ ಪಟ್ಟಿಕೆಯಲ್ಲಿ ಕಾಳಗ. ನಡುವಿನದರಲ್ಲಿ ಸತ್ತವನನ್ನು ಕರೆದೊಯ್ಯುವ ಅಪ್ಸರೆಯರು. ಮೇಲೆ ಕೈಲಾಸ, ಲಿಂಗದ ಮುಂದೆ ಕೈಮುಗಿದು ಕೂತ ಅದೇ ವೀರ, ನೆತ್ತಿಗೆ ಸೂರ್ಯಚಂದ್ರ.

ಪಣಜಿಯಿಂದ ಹತ್ತು ಕಿಲೋಮೀಟರಿನಷ್ಟು ದೂರದ ಹಳೇ ಗೋವಾದಲ್ಲಿ, ಸಂತ ಫ್ರಾನ್ಸಿಸ್ ಚರ್ಚಿಗೆ ಸೇರಿದ ಕಾನ್ವೆಂಟಿನಲ್ಲಿ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯವಿದೆ. ಅಲ್ಲಿರುವ ಕದಂಬರ ಕಾಲದ ವೀರಗಲ್ಲುಗಳದೂ ಇದೇ ಕ್ರಮ, ಆದರೆ ಕೆಲವದರ ಅಡಿಯ ಪಟ್ಟಿಕೆಯಲ್ಲಿ ಕುದುರೆಯ ಬದಲು ಹಡಗು! ಗೋವೆಯ ಕದಂಬರ ಬಲ ಇದ್ದದ್ದೇ ನೀರಿನ ಮೇಲೆ. ಮೊದಲು ಚಂದ್ರಪುರದಿಂದ, ಆಮೇಲೆ ಜುವಾರಿ ದಂಡೆಯ ಗೋಪಕಪಟ್ಟಣದಿಂದ ಆಳಿದವರು ಅವರು. ಅವರ ಹಲವು ಶಾಸನಗಳು ಕನ್ನಡದಲ್ಲಿವೆ. ಕಲ್ಲು ಕೆತ್ತುವ ಪದ್ಧತಿಯೂ ಘಟ್ಟದ ಮೇಲೂ ಕೆಳಗೂ ಒಂದೇ.

ರೂವಾರಿಯ ಇಕ್ಕಟ್ಟು ನೋಡಿ. ಗೋವೆಯಲ್ಲಿ ಎಲ್ಲಿ ಅಗೆದರೂ ಸಿಗುವುದು ಜಂಬಿಟ್ಟಿಗೆ ಕಲ್ಲು. ಗೋಡೆಗೆ ಅದು ಸೊಗಸು. ಮೈಯೆಲ್ಲ ತೂತಾದ್ದರಿಂದ ಸಣ್ಣ ಗೆರೆ ನಿಲ್ಲದು. ಹಾಗಾಗಿ ಒತ್ತಾದ ಕಲ್ಲಿನ ಚಪ್ಪಡಿಯೇ ಬೇಕು. ಕೆತ್ತನೆಯೆಂದರೆ ಇಲ್ಲಿ ಆಕೃತಿಯ ಸುತ್ತಲಿನ ಕಲ್ಲನ್ನು ತೆಗೆಯುವ ಕೆಲಸ. ಚೌಕಟ್ಟಿನ ಅಂಚನ್ನು ಮಾತ್ರ ತಗ್ಗಿಸದೆ ಹಾಗೇ ಉಳಿಸುತ್ತಾರೆ. ಮಳೆಗೂ ತಾಕಾಟಕ್ಕೂ ಆ ಅಂಚೇ ಮೊದಲು ಎದೆಗೊಡುತ್ತದೆ, ಶಾಸನ ಬರೆಸುವುದಿದ್ದರೆ ಅಕ್ಷರಕ್ಕೂ ಅದೇ ಜಾಗ. ಬುಡವನ್ನು ಒರಟಾಗಿಯೇ ಬಿಡುವುದು ಮಣ್ಣಿನಲ್ಲಿ ಹೂಳುವುದಕ್ಕೆ.

ಇಷ್ಟು ಚಿಕ್ಕ ಪಟ್ಟಿಕೆಯಲ್ಲಿ ಕುದುರೆ ಸಲೀಸಾಗಿ ಕೂರುತ್ತದೆ, ಉದ್ದನೆಯ ಹಡಗು ಕೂರುವುದಿಲ್ಲ. ರೂವಾರಿ ಅಳತೆಯ ಗೊಡವೆಯನ್ನೇ ಬಿಟ್ಟ. ಹಡಗನ್ನು ಪಕ್ಕದಿಂದ ಕಂಡಂತೆ ಅಡ್ಡಲಾಗಿ ಹಾಸಿ, ಆಳುಗಳನ್ನು ಅದಕ್ಕೆ ಮೀರಿದ ಗಾತ್ರದಲ್ಲಿ ನಿಲ್ಲಿಸಿದ. ಸಾಲಾಗಿ ಇಳಿದ ಹುಟ್ಟುಗಳೇ ನೀರಿನ ಸುಳಿವು ಕೊಡುತ್ತವೆ. ತಪ್ಪು ಅಳತೆಯಿಂದ ಸರಿಯಾದ ಮಾತು ಹೇಳಿಸುವ ಈ ಜಾಣತನಕ್ಕೆ ನನ್ನ ನಮಸ್ಕಾರ.

ಈಚಿನ ಯುದ್ಧಸ್ಮಾರಕಗಳ ರೀತಿ ಬೇರೆ. ದಿಲ್ಲಿಯ ಇಂಡಿಯಾ ಗೇಟಿನ ಮೇಲೆ ಮಡಿದ ಯೋಧರ 13,000ಕ್ಕೂ ಹೆಚ್ಚು ಹೆಸರುಗಳಿವೆ. ಬೆಲ್ಜಿಯಂನ ಮೆನಿನ್ ಗೇಟಿನಲ್ಲಿ 54,000ಕ್ಕೂ ಹೆಚ್ಚು. ಅಷ್ಟು ಸಾವುಗಳಿಗೆ ಹೆಸರು ಬಿಟ್ಟು ಬೇರೇನು ಕೆತ್ತಲು ಸಾಧ್ಯ? ವೀರಗಲ್ಲು ಒಬ್ಬನಿಗಾಗಿ ನೆಟ್ಟದ್ದು. ಅಕ್ಷರವೇ ಇಲ್ಲದ ಕಲ್ಲಿನಲ್ಲೂ ಅವನು ಹೇಗೆ ಸತ್ತನೆಂಬುದು ಉಳಿದಿದೆ. ಸ್ಮಾರಕಕ್ಕೆ ಇದೇ ಹೆಚ್ಚಿನ ಮರ್ಯಾದೆ ಎಂದು ನನಗನ್ನಿಸುತ್ತದೆ.

ಸ್ಮಾರಕಗಳು ಜಾಗ ಬಿಡುವುದೂ ಉಂಟು. ಪಣಜಿಯ ಆಜಾದ್ ಮೈದಾನದ ಕಂಬಗಳ ಮಂಟಪ 1847ರಲ್ಲಿ ಕಟ್ಟಿದ್ದು ಗೋವೆಯನ್ನು ಗೆದ್ದ ಅಲ್ಬುಕರ್ಕನ ಪ್ರತಿಮೆಗಾಗಿ. ಈಗ ಅಲ್ಲಿರುವುದು ಪೋರ್ಚುಗೀಸರ ವಿರುದ್ಧ ಹೋರಾಡಿದ ತ್ರಿಸ್ತಾಂವ್ ಬ್ರಗಾಂಝಾ ಕುನ್ಹಾ ಅವರ ಸ್ಮಾರಕ. ಪ್ರತಿಮೆಯನ್ನು ಸಾಗಿಸಿದ್ದು ಎಲ್ಲಿಗೆ ಗೊತ್ತೇ? ಈ ವೀರಗಲ್ಲುಗಳಿರುವ ಸಂಗ್ರಹಾಲಯಕ್ಕೇ.

ಹಳೇ ಗೋವಾಕ್ಕೆ ಹೋದವರು ಬೋಂ ಜೀಸಸ್ ಬಸಿಲಿಕಾ ನೋಡಿ ಹಾಗೇ ಬಸ್ಸು ಹತ್ತಬೇಡಿ. ರಸ್ತೆ ದಾಟಿದರೆ ಈ ಕಲ್ಲುಗಳಿವೆ. ಒಂದರ್ಧ ಗಂಟೆ ಅವುಗಳ ಮುಂದೆ ನಿಲ್ಲಿ.