ಅಡಿಗೆಯ ಮನೆಯ ವಸ್ತುಗಳೂ ಪ್ರಯೋಗಶಾಲೆಯ ಪ್ರನಾಳಗಳೂ

ಕಳೆದ ವರ್ಷದ ಪೋಷಕರ ಸಭೆಯು ಮುಗಿದ ತರುವಾಯ ತಂದೆಯವರೊಬ್ಬರು ನನ್ನ ಕೊಠಡಿಗೆ ಬಂದು, “ಅಮ್ಮನವರೇ, ನಮ್ಮ ಮಗಳು ಅಕ್ಕಿಯ ಗಂಜಿಯನ್ನೂ ಸಕ್ಕರೆಯ ನೀರನ್ನೂ ಗಾಜಿನ ನಳಿಗೆಯಲ್ಲಿ ಹಾಕಿ ಬಣ್ಣ ನೋಡುತ್ತಾಳಂತೆ. ಗಂಜಿ ಯಾವುದು, ಸಕ್ಕರೆ ಯಾವುದು ಎಂಬುದು ಅವಳ ತಾಯಿಗೆ ನಾಲಗೆಯಿಂದಲೇ ತಿಳಿಯುವುದಿಲ್ಲವೇ?” ಎಂದು ಕೇಳಿದರು. ಪ್ರಶ್ನೆಯಲ್ಲಿ ಹಾಸ್ಯವಿದ್ದರೂ ನ್ಯಾಯವೂ ಇತ್ತು. ಅಷ್ಟರಲ್ಲಿ ಗಂಟೆ ಹೊಡೆದುದರಿಂದ ನಾನು ಸರಿಯಾದ ಉತ್ತರವನ್ನು ಕೊಡಲಾಗಲಿಲ್ಲ. ಅದನ್ನು ಈ ಸಂಚಿಕೆಯ ಮೂಲಕ ಈಗ ಒಪ್ಪಿಸುತ್ತಿದ್ದೇನೆ. ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಇದರಲ್ಲಿ ಕೆಲವು ಸಂಗತಿಗಳು ನೆನಪಿಗೆ ಬಂದಾವು. ಬಾರದಿದ್ದರೆ ನಾನು ಬೇಸರಪಡುವವಳಲ್ಲ.

ಇಂಗಾಲ, ಜಲಜನಕ, ಆಮ್ಲಜನಕಗಳೆಂಬ ಮೂರು ಮೂಲವಸ್ತುಗಳಿಂದಾದ ಒಂದು ದೊಡ್ಡ ಕುಟುಂಬಕ್ಕೆ ಕಾರ್ಬೋಹೈಡ್ರೇಟುಗಳೆಂದು ಹೆಸರು. ಕಬ್ಬಿನ ಸಕ್ಕರೆ, ಜೇನಿನೊಳಗಿನ ದ್ರಾಕ್ಷಾ ಸಕ್ಕರೆ ಮತ್ತು ಹಣ್ಣಿನ ಸಕ್ಕರೆ, ಹಾಲಿನ ಸಕ್ಕರೆ, ಅಕ್ಕಿ ರಾಗಿಗಳ ಪಿಷ್ಟ, ಇವೆಲ್ಲವೂ ಅದರ ಮಕ್ಕಳೇ. ನಾವು ಉಡುವ ಹತ್ತಿಯ ಬಟ್ಟೆಯೂ ಈ ಪುಟದ ಕಾಗದವೂ ಅದೇ ಕುಟುಂಬಕ್ಕೆ ಸೇರಿದವು. ನಾಲಗೆಯು ಇವುಗಳಲ್ಲಿ ಸಿಹಿಯಾದವನ್ನು ಮಾತ್ರ ಬಲ್ಲದು. ಹಾಲಿನ ಸಕ್ಕರೆಯಂಥ ಮಂದವಾದ ಸಿಹಿಯನ್ನು ಗುರುತಿಸುವುದು ಅದಕ್ಕೂ ಪ್ರಯಾಸ. ಅದಲ್ಲದೆ ಪ್ರಯೋಗಶಾಲೆಯ ಯಾವ ವಸ್ತುವನ್ನೂ ರುಚಿ ನೋಡಕೂಡದೆಂಬುದು ನಮ್ಮ ಮೊದಲನೆಯ ಕಟ್ಟಳೆ. ಹೀಗಿರಲು ನಾಲಗೆಯ ಕೆಲಸವನ್ನು ಬಣ್ಣಗಳಿಂದ ಮಾಡಿಸಿಕೊಳ್ಳಬೇಕಾಗುತ್ತದೆ.

ಕುಟುಂಬವನ್ನೇ ಗುರುತಿಸುವ ಪರೀಕ್ಷೆಯು ಆಸ್ಟ್ರಿಯಾ ದೇಶದ ಸಸ್ಯಶಾಸ್ತ್ರಜ್ಞರಾದ ಹಾನ್ಸ್ ಮೋಲಿಷ್ ಎಂಬವರದು. ಪರೀಕ್ಷಿಸತಕ್ಕ ದ್ರಾವಣಕ್ಕೆ ಆಲ್ಫಾ ನ್ಯಾಫ್ತಾಲಿನ ಎರಡು ಹನಿಗಳನ್ನು ಹಾಕಿ, ಪ್ರನಾಳವನ್ನು ಓರೆಯಾಗಿ ಹಿಡಿದು, ಅದರ ಗೋಡೆಯ ಮೇಲಿಂದ ತೀಕ್ಷ್ಣವಾದ ಗಂಧಕಾಮ್ಲವನ್ನು ಮೆಲ್ಲಗೆ ಇಳಿಯಬಿಟ್ಟರೆ, ಭಾರವಾದ ಆಮ್ಲವು ತಳಕ್ಕೆ ಹೋಗಿ, ಎರಡು ದ್ರವಗಳು ಕೂಡುವಲ್ಲಿ ನೇರಿಳೆ ಬಣ್ಣದ ಉಂಗುರವೊಂದು ಮೂಡುತ್ತದೆ. ನೋಡುವುದಕ್ಕೆ ಇಷ್ಟು ಚೆಲುವಾದ ಪರೀಕ್ಷೆ ಬೇರೊಂದಿಲ್ಲವೆಂದು ನನ್ನ ಅಭಿಪ್ರಾಯ. ಆದರೂ ಜಡೆ ಬಿಟ್ಟ ಹುಡುಗಿಯರ ಕೈಗೆ ಆ ಆಮ್ಲವನ್ನು ಕೊಡುವ ಧೈರ್ಯ ನನಗಿಲ್ಲ. ಇದನ್ನು ನಾನೇ ಮಾಡಿ ತೋರಿಸುತ್ತೇನೆ. ಪ್ರನಾಳದಲ್ಲಿ ಕಾಗದದ ಒಂದು ಎಳೆ ಸಿಕ್ಕಿಕೊಂಡಿದ್ದರೂ ಉಂಗುರವು ಕಾಣಿಸಬಹುದಾದ್ದರಿಂದ, ನಳಿಗೆಗಳನ್ನು ತೊಳೆಯುವ ಕೆಲಸದಲ್ಲಿ ಯಾರಿಗೂ ರಿಯಾಯಿತಿ ಇಲ್ಲ.

ಪಿಷ್ಟಕ್ಕೆ ಅಯೋಡಿನ್ ಪರೀಕ್ಷೆ. ಅಯೋಡಿನ್ ಎಂಬ ಮೂಲವಸ್ತುವು ಫ್ರಾನ್ಸ್ ದೇಶದಲ್ಲಿ 1811ರಲ್ಲಿ ಕಡಲ ಪಾಚಿಯ ಬೂದಿಯಿಂದ ದೊರಕಿತು. ಅದು ಪಿಷ್ಟವನ್ನು ನೀಲಿಯಾಗಿಸುವುದೆಂಬ ಸಂಗತಿಯು 1814ರಲ್ಲಿಯೇ ತಿಳಿದುಬಂದಿತು. ಗಂಜಿಯ ತಿಳಿಗೆ ಕಂದು ಬಣ್ಣದ ಅಯೋಡಿನ್ ದ್ರಾವಣದ ಒಂದು ಹನಿ ಬಿದ್ದೊಡನೆ ಮಸಿಯಂಥ ಕಡುನೀಲಿಯು ಉಂಟಾಗುತ್ತದೆ. ಪಿಷ್ಟದ ಒಂದು ಅಂಶವು ಸುರುಳಿ ಸುತ್ತಿದ ದಾರದಂತಿದ್ದು, ಆ ಸುರುಳಿಯ ಒಳಗೆ ಅಯೋಡಿನ್ ಸಾಲಾಗಿ ಹೊಕ್ಕು ಕುಳಿತುಕೊಳ್ಳುವುದೇ ಇದಕ್ಕೆ ಕಾರಣ. ಗಂಜಿ ಬಿಸಿಯಾಗಿದ್ದರೆ ಅಯೋಡಿನ್ ಅಲ್ಲಿ ನಿಲ್ಲದು, ಬಣ್ಣವೂ ನಿಲ್ಲದು. ನೀಲಿಯಾದ ಪ್ರನಾಳವನ್ನು ಕಾಯಿಸಿದರೆ ಬಣ್ಣವು ಮಾಯವಾಗಿ, ತಣ್ಣೀರಿನಲ್ಲಿ ಹಿಡಿದೊಡನೆ ಮರಳಿ ಬರುವುದನ್ನು ಕಂಡು ಎಂಟನೆಯ ತರಗತಿಯ ಮಕ್ಕಳು ಚಪ್ಪಾಳೆ ತಟ್ಟುವುದುಂಟು. ಅವಸರಪಟ್ಟು ಬಿಸಿ ಗಂಜಿಗೇ ಅಯೋಡಿನ್ ಹಾಕಿ “ಪಿಷ್ಟವಿಲ್ಲ” ಎಂದು ಬರೆಯುವವರೂ ಪ್ರತಿ ವರ್ಷ ಇಬ್ಬರು ಮೂವರಾದರೂ ಇದ್ದೇ ಇರುತ್ತಾರೆ.

ಇದನ್ನು ಮನೆಯಲ್ಲಿಯೂ ನೋಡಬಹುದು. ಬಾಳೆಯ ಕಾಯಿಯನ್ನು ಕತ್ತರಿಸಿ ಔಷಧದ ಅಂಗಡಿಯ ಟಿಂಚರ್ ಅಯೋಡಿನನ್ನು ಹಚ್ಚಿದರೆ ಕಡುನೀಲಿ. ಚೆನ್ನಾಗಿ ಕಳಿತ ಹಣ್ಣಿಗೆ ಹಚ್ಚಿದರೆ ಬಣ್ಣ ಬಹಳ ಕಡಿಮೆ. ಹಣ್ಣಾಗುವಾಗ ಪಿಷ್ಟದ ಬಹುಭಾಗವು ಸಕ್ಕರೆಯಾಗಿ ಹೋಗಿರುತ್ತದೆ. ಪರೀಕ್ಷೆ ಮಾಡಿದ ತುಂಡನ್ನು ತಿನ್ನದೆ ಎಸೆಯತಕ್ಕದ್ದು. ತಿಳಿಗಂಜಿಯಲ್ಲಿ ಸ್ವಲ್ಪ ಜೊಲ್ಲನ್ನು ಕಲಸಿ ಉಗುರುಬೆಚ್ಚಗೆ ಇಟ್ಟು, ಆಗಾಗ್ಗೆ ಒಂದೊಂದು ಹನಿಯನ್ನು ಅಯೋಡಿನಿಗೆ ಮುಟ್ಟಿಸಿದರೆ, ನೀಲಿಯು ಕೆಂಪಿಗೆ ತಿರುಗಿ ಕಡೆಗೆ ಬಣ್ಣವೇ ಬಾರದಂತಾಗುತ್ತದೆ. ಅನ್ನವನ್ನು ಅಗಿದು ನುಂಗು ಎಂದು ಅಜ್ಜಿಯಂದಿರು ಹೇಳುವ ಮಾತಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇನ್ನು ಸಕ್ಕರೆಯ ವಿಷಯ. ಜರ್ಮನಿಯ ಫೆಲಿಂಗ್ ಎಂಬವರು 1849ರಲ್ಲಿ ತಾಮ್ರದ ದ್ರಾವಣದಿಂದ ಸಕ್ಕರೆಯನ್ನು ಗುರುತಿಸುವ ಕ್ರಮವನ್ನು ರೂಪಿಸಿದರು. ಅದಕ್ಕೆ ಎರಡು ಸೀಸೆಗಳ ದ್ರಾವಣವನ್ನು ಆಗಿಂದಾಗ್ಗೆ ಬೆರೆಸಿಕೊಳ್ಳಬೇಕು. ಅಮೇರಿಕದ ಸ್ಟ್ಯಾನ್ಲಿ ಬೆನೆಡಿಕ್ಟ್ ಎಂಬವರ ದ್ರಾವಣವು ಒಂದೇ ಸೀಸೆಯಲ್ಲಿ ಬಹುಕಾಲ ಕೆಡದೆ ಇರುವುದಾದ್ದರಿಂದ ನಾವು ಅದನ್ನೇ ಬಳಸುತ್ತೇವೆ. ಮೈಲುತುತ್ತ, ಸೋಡಿಯಂ ಕಾರ್ಬೊನೇಟ್, ಸೋಡಿಯಂ ಸಿಟ್ರೇಟ್, ಇವು ಅದರ ಸಾಮಗ್ರಿಗಳು. ಈ ನೀಲಿ ದ್ರಾವಣದ 5 ಮಿಲಿಲೀಟರಿಗೆ ಪರೀಕ್ಷಿಸತಕ್ಕ ದ್ರಾವಣದ 8 ಹನಿಗಳನ್ನು ಹಾಕಿ ಕುದಿನೀರಿನಲ್ಲಿ 5 ನಿಮಿಷ ಇಡಬೇಕು. ಸಕ್ಕರೆ ಸ್ವಲ್ಪವಿದ್ದರೆ ಹಸುರು, ಹೆಚ್ಚಿದಂತೆ ಹಳದಿ, ಕಿತ್ತಳೆ, ಕಡೆಗೆ ಇಟ್ಟಿಗೆಯ ಕೆಂಪು. ಆ ಕೆಂಪು ಗಸಿಯು ತಾಮ್ರದ ಆಕ್ಸೈಡು. ಸಕ್ಕರೆಯ ಅಣುವಿನ ಒಂದು ತುದಿಯು ತಾಮ್ರದ ಲವಣವನ್ನು ಈ ರೂಪಕ್ಕೆ ಇಳಿಸುತ್ತದೆ.

ಇಲ್ಲಿಯೇ ಮಕ್ಕಳಿಗೆ ಆಶ್ಚರ್ಯವುಂಟಾಗುವುದು. ಎಲ್ಲಕ್ಕಿಂತ ನಮಗೆ ಪರಿಚಿತವಾದ ಬಿಳಿಯ ಸಕ್ಕರೆಯು ಈ ಪರೀಕ್ಷೆಗೆ ಬಗ್ಗುವುದಿಲ್ಲ. ನೀಲಿಯು ನೀಲಿಯಾಗಿಯೇ ಉಳಿಯುತ್ತದೆ. ಕಬ್ಬಿನ ಸಕ್ಕರೆಯು ದ್ರಾಕ್ಷಾ ಸಕ್ಕರೆಯೂ ಹಣ್ಣಿನ ಸಕ್ಕರೆಯೂ ಜೋಡಿಸಿಕೊಂಡು ಆದದ್ದು. ಕೆಲಸ ಮಾಡಬೇಕಾದ ತುದಿಗಳೆರಡೂ ಆ ಜೋಡಣೆಯಲ್ಲಿಯೇ ಸಿಕ್ಕಿಕೊಂಡಿವೆ. ಅದಕ್ಕೆ ಎರಡು ಹನಿ ಹೈಡ್ರೋಕ್ಲೋರಿಕ್ ಆಮ್ಲವನ್ನು ಹಾಕಿ ಕುದಿಸಿ, ತರುವಾಯ ಸೋಡಾದಿಂದ ಆಮ್ಲವನ್ನು ತಗ್ಗಿಸಿ, ಪುನಃ ಪರೀಕ್ಷಿಸಿದರೆ ಕೆಂಪು ಬರುತ್ತದೆ. ಸೋಡಾ ಹಾಕುವುದನ್ನು ಮರೆತವರು ಕೆಂಪನ್ನು ಕಾಣದೆ ಹೋಗಬಹುದು.

ಈ ಸ್ಥಳದಲ್ಲಿ ನನ್ನದೊಂದು ತಪ್ಪನ್ನು ಹೇಳಿಕೊಳ್ಳಬೇಕಾಗಿದೆ. ನಾನು ಉಪಾಧ್ಯಾಯಿನಿಯಾಗಿ ಹೊಸದಾಗಿ ಸೇರಿದ್ದ ದಿನಗಳಲ್ಲಿ, ಬೇರೊಂದು ಊರಿನಲ್ಲಿ, ಮಕ್ಕಳಿಗೆ ಹೆಸರು ಹೇಳದೆ ದ್ರಾವಣಗಳನ್ನು ಕೊಟ್ಟು ಗುರುತಿಸುವಂತೆ ಹೇಳಿದ್ದೆನು. ಅಂದು ಕಪಾಟಿನಲ್ಲಿ ಸಕ್ಕರೆ ಮುಗಿದಿತ್ತು. ಬೆಲ್ಲವೂ ಕಬ್ಬಿನದೇ ಅಲ್ಲವೇ ಎಂದುಕೊಂಡು, ಒಂದು ಅಚ್ಚಿನ ತುಂಡನ್ನು ಕರಗಿಸಿ ಸೋಸಿ, ಕಬ್ಬಿನ ಸಕ್ಕರೆಯೆಂದು ನನ್ನ ಪಟ್ಟಿಯಲ್ಲಿ ಬರೆದುಕೊಂಡೆನು. ಬಣ್ಣವನ್ನು ಕಂಡು ಬೆಲ್ಲವೆಂದು ಊಹಿಸಿದ ಮಕ್ಕಳೆಲ್ಲರೂ “ಬೆನೆಡಿಕ್ಟ್: ಬದಲಾವಣೆ ಇಲ್ಲ” ಎಂದು ಪುಸ್ತಕದಲ್ಲಿದ್ದಂತೆಯೇ ಬರೆದಿದ್ದರು. ಒಬ್ಬಳು ಮಾತ್ರ “ಕಿತ್ತಳೆಗೆಂಪು” ಎಂದು ಬರೆದಿದ್ದಳು. ಹಿಂದಿನ ಬೆಂಚಿನ ಹುಡುಗಿ. ಬಾಯಿಪಾಠದಲ್ಲಿ ಅಷ್ಟೇನೂ ಜಾಣೆಯಲ್ಲ. ನಾನು ಕೆಂಪು ಶಾಯಿಯಿಂದ ಗೀಟು ಹಾಕಿ, ಪುನಃ ಮಾಡು ಎಂದೆನು. ಆಕೆ ಮಾಡಿ, ಅದನ್ನೇ ಬರೆದಳು. ಮೂರನೆಯ ಸಲವೂ ಅದೇ. “ಟೀಚರ್, ನನಗೆ ಹಾಗೆಯೇ ಕಾಣುತ್ತದೆ” ಎಂದಾಗ ಅವಳ ಕಣ್ಣಿನಲ್ಲಿ ನೀರಿತ್ತು. ನಾನು ಸೊನ್ನೆಯನ್ನು ಕೊಟ್ಟು ಕಳುಹಿಸಿದೆನು.

ಸಂಜೆ ಬಾಗಿಲು ಹಾಕುವ ಮುಂಚೆ ತೊಳೆಯದೆ ಬಿಟ್ಟಿದ್ದ ಪ್ರನಾಳಗಳ ಕಡೆಗೆ ನನ್ನ ದೃಷ್ಟಿ ಹೋಯಿತು. ಸಾಲು ಸಾಲಾಗಿ ಎಲ್ಲದರ ತಳದಲ್ಲಿಯೂ ಕೆಂಪು ಗಸಿ! ತರಗತಿಯೆಲ್ಲವೂ ಕೆಂಪನ್ನೇ ಕಂಡು ನೀಲಿಯೆಂದು ಬರೆದಿತ್ತು. ಕಬ್ಬಿನ ಹಾಲಿನಲ್ಲಿ ಮೊದಲೇ ಸ್ವಲ್ಪ ದ್ರಾಕ್ಷಾ ಸಕ್ಕರೆಯೂ ಹಣ್ಣಿನ ಸಕ್ಕರೆಯೂ ಇರುತ್ತವೆ. ಕೊಪ್ಪರಿಗೆಯಲ್ಲಿ ಕಾಯುವಾಗ ಹಾಲಿನ ಹುಳಿಯಿಂದ ಇನ್ನಷ್ಟು ಸಕ್ಕರೆಯು ಒಡೆಯುತ್ತದೆ. ಬಿಳಿ ಸಕ್ಕರೆಯನ್ನು ಹರಳುಗಟ್ಟಿಸುವಾಗ ಇವು ಕಾಕಂಬಿಯ ಜೊತೆಯಲ್ಲಿ ಹೋಗಿಬಿಡುತ್ತವೆ, ಬೆಲ್ಲದಲ್ಲಿ ಉಳಿಯುತ್ತವೆ. ಇದು ಆಲೆಮನೆಯ ಸೀಮೆಯಲ್ಲಿ ಬೆಳೆದ ನನಗೆ ತಿಳಿಯದೆ ಹೋಗಿತ್ತು. ಮಾರನೆಯ ದಿನ ತರಗತಿಯ ಮುಂದೆ ಬೆಲ್ಲವನ್ನೂ ಸಕ್ಕರೆಯನ್ನೂ ನಾನೇ ಪರೀಕ್ಷಿಸಿ ತೋರಿಸಿ, ಆ ಹುಡುಗಿಯ ಪುಸ್ತಕದಲ್ಲಿದ್ದ ಗೀಟಿನ ಪಕ್ಕದಲ್ಲಿ ನನ್ನ ರುಜು ಹಾಕಿ, ಪೂರ್ಣ ಅಂಕಗಳನ್ನು ಬರೆದೆನು. ಉಳಿದವರನ್ನು ಗದರಿಸಲು ನನಗೆ ಬಾಯಿ ಬರಲಿಲ್ಲ; ಪುಸ್ತಕವನ್ನು ನಂಬಿ ಕಣ್ಣನ್ನು ನಂಬದಿರುವುದನ್ನು ಅವರು ನನ್ನಿಂದಲೇ ಕಲಿತಿದ್ದರು.

ಅಂದಿನಿಂದ ನನ್ನ ವಿದ್ಯಾರ್ಥಿನಿಯರ ಪುಸ್ತಕದಲ್ಲಿ “ಕಂಡದ್ದು” ಎಂಬ ಅಂಕಣವನ್ನು ಮೇಜಿನ ಬಳಿಯಲ್ಲಿಯೇ ಶಾಯಿಯಿಂದ ಬರೆಯಿಸುತ್ತೇನೆ. “ಊಹಿಸಿದ್ದು” ಎಂಬುದನ್ನು ನೆರೆಯವಳೊಡನೆ ಮಾತನಾಡಿ ಆಮೇಲೆ ಬರೆಯಬಹುದು.

ಬೆನೆಡಿಕ್ಟ್ ದ್ರಾವಣವು ಒಂದು ಕಾಲದಲ್ಲಿ ಮಧುಮೇಹದ ರೋಗಿಗಳ ಮನೆಗಳಲ್ಲಿಯೂ ಇರುತ್ತಿತ್ತೆಂಬುದನ್ನು ಹಿರಿಯ ಪೋಷಕರು ಬಲ್ಲರು. ಮೂತ್ರದ 8 ಹನಿಗಳನ್ನು ಹಾಕಿ ಕಾಯಿಸಿ ಬಣ್ಣವನ್ನು ನೋಡುತ್ತಿದ್ದರು. ಆದರೆ ಅದು ದ್ರಾಕ್ಷಾ ಸಕ್ಕರೆಯನ್ನು ಮಾತ್ರವೇ ಗುರುತಿಸುವುದಲ್ಲ. ಹಾಲಿನ ಸಕ್ಕರೆಯಿಂದಲೂ, ಸಿ ಜೀವಸತ್ವವು ಹೆಚ್ಚಾಗಿದ್ದರೂ ಬಣ್ಣ ಬರುತ್ತದೆ. ಈಗಿನ ಪಟ್ಟಿಗಳಲ್ಲಿ ದ್ರಾಕ್ಷಾ ಸಕ್ಕರೆಯನ್ನೇ ಹುಡುಕುವ ಕಿಣ್ವಗಳಿರುವುದರಿಂದ ಆ ಗೊಂದಲವು ಬಹಳ ಮಟ್ಟಿಗೆ ತಪ್ಪಿದೆ. ಬಣ್ಣ ಬಂದಿತೆಂದು ಮನೆಯಲ್ಲಿಯೇ ರೋಗವನ್ನು ನಿಶ್ಚಯಿಸದೆ ವೈದ್ಯರ ಬಳಿಗೆ ಹೋಗುವುದು ಲೇಸು.

ಮುಂದಿನ ಪರೀಕ್ಷೆಗಳನ್ನು ಕಾಲೇಜಿಗೆ ಹೋದವರು ಮಾಡಿರುತ್ತೀರಿ. ಬಾರ್ಫೆಡ್ ದ್ರಾವಣವು ಹುಳಿಯಾದ ತಾಮ್ರದ್ದು. ಒಂಟಿ ಸಕ್ಕರೆಗಳಿಗೆ ಎರಡು ಮೂರು ನಿಮಿಷಗಳಲ್ಲಿ ಕೆಂಪಾಗಿ, ಹಾಲಿನ ಸಕ್ಕರೆಯಂಥ ಜೋಡಿಗೆ ನಿಧಾನಿಸುತ್ತದೆ. ಸೆಲಿವಾನಾಫ್ ಪರೀಕ್ಷೆಯಲ್ಲಿ ಹಣ್ಣಿನ ಸಕ್ಕರೆಯು ಬೇಗನೆ ಚೆರ್ರಿಗೆಂಪಾಗುತ್ತದೆ. ಎಮಿಲ್ ಫಿಷರ್ ಎಂಬ ಪಂಡಿತರು, 1902ರಲ್ಲಿ ನೊಬೆಲ್ ಬಹುಮಾನ ಪಡೆದವರು, ಸಕ್ಕರೆಗಳನ್ನು ಹಳದಿಯ ಹರಳುಗಳಾಗಿಸಿ ಸೂಕ್ಷ್ಮದರ್ಶಕದಲ್ಲಿ ಗುರುತಿಸುವ ಕ್ರಮವನ್ನು ತೋರಿಸಿದರು. ಅದಕ್ಕೆ ಬೇಕಾದ ವಸ್ತುವು ವಿಷವಾದುದರಿಂದ ನಮ್ಮ ಶಾಲೆಯಲ್ಲಿ ಅದನ್ನು ಇಟ್ಟಿಲ್ಲ.

ತಾಯಂದಿರಿಗೆ ಹೆಚ್ಚು ಉಪಯೋಗವಾಗುವುದು ಹಾಲಿನ ಪರೀಕ್ಷೆ. ಹಾಲು ಗಟ್ಟಿಯಾಗಿ ಕಾಣಲೆಂದು ಪಿಷ್ಟವನ್ನು ಬೆರೆಸುವವರುಂಟು. ಒಂದು ಚಮಚ ಹಾಲಿಗೆ ಎರಡು ಚಮಚ ನೀರು ಸೇರಿಸಿ ಕುದಿಸಿ, ಪೂರ್ತಿ ಆರಿದ ಮೇಲೆ ಎರಡು ಹನಿ ಟಿಂಚರ್ ಅಯೋಡಿನ್ ಹಾಕಿದರೆ, ಪಿಷ್ಟವಿದ್ದ ಪಕ್ಷದಲ್ಲಿ ಹಾಲು ನೀಲಿಯಾಗುತ್ತದೆ. ನೀರನ್ನು ಮಾತ್ರ ಬೆರೆಸಿದ್ದರೆ ಈ ಪರೀಕ್ಷೆಯು ಅದನ್ನು ಹೇಳಲಾರದು. ಶಾಲಾ ದಿನಾಚರಣೆಯಂದು ಮಧ್ಯಾಹ್ನ ಪ್ರಯೋಗಶಾಲೆಯು ತೆರೆದಿರುವುದು; ಮನೆಯ ಹಾಲನ್ನು ಚಿಕ್ಕ ಸೀಸೆಯಲ್ಲಿ ತರಬಹುದು. ಪ್ರಶ್ನೆ ಕೇಳಿದ ಆ ತಂದೆಯವರು ಬೆಲ್ಲದ ಒಂದು ಚೂರನ್ನೂ ತಂದರೆ, ಅವರ ಮಗಳೇ ಅದನ್ನು ಪರೀಕ್ಷಿಸಿ ತೋರಿಸುವಳು.