ಪಿಕಪ್ಪಿಗೇ ಪಿಕಪ್ ಇಲ್ಲದಿದ್ದರೆ

‘ಮೇಷ್ಟ್ರೇ, ಗಾಡಿಗೆ ಪಿಕಪ್ಪೇ ಇಲ್ಲ. ದೊಡ್ಡ ಎಂಜಿನ್ ಕೂರಿಸ್‌ಬಿಟ್ರೆ ಹೆಂಗೆ?’

ಮೈಸೂರಿನ ಕೃಷ್ಣಮೂರ್ತಿಪುರಂನ ನಮ್ಮ ಬೀದಿಯ ಹೊಂಗೆಮರದಡಿ ರಾತ್ರಿ ಹೊತ್ತು ಒಂದು ಹಳೆಯ ಟಾಟಾ ಏಸ್ ನಿಲ್ಲುತ್ತದೆ. ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಅಡುಗೆಯ ಕೊಳದಪ್ಪಲೆ ಸಾಗಿಸುವುದು ಅದರ ಕಸುಬು. ಪ್ರಶ್ನೆ ಅದರ ಮಾಲೀಕನದು. ಮಲೆ ಮಹದೇಶ್ವರ ಬೆಟ್ಟದಲ್ಲಿ ಯಾರದೋ ಮನೆಯ ಮುಡಿ ಕೊಡುವ ಕಾರ್ಯಕ್ಕೆ ಸಾಮಾನು ಹೊತ್ತು ಹೋಗಿದ್ದರಂತೆ. ತಾಳಬೆಟ್ಟ ದಾಟಿದ ಮೇಲೆ ತಿರುವಿಗೊಂದು ಸಲ ಮೊದಲನೇ ಗೇರು, ಹಿಂದೆ ಸರ್ಕಾರಿ ಬಸ್ಸಿನ ಹಾರ್ನು. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದವನು. ಬೀದಿಯವರ ಕಣ್ಣಿಗೆ ಭೌತಶಾಸ್ತ್ರದ ಮೇಷ್ಟ್ರಿಗೂ ಮೆಕ್ಯಾನಿಕ್‌ಗೂ ಹೆಚ್ಚು ವ್ಯತ್ಯಾಸವಿಲ್ಲ.

ಪಿಕಪ್ ಎಂಬುದು ನಮ್ಮಲ್ಲಿ ಎರಡು ಅರ್ಥ ಹೊತ್ತ ಪದ. ಹಿಂದೆ ತೊಟ್ಟಿಯಿರುವ ಸಣ್ಣ ಗಾಡಿಯೂ ಪಿಕಪ್ಪೇ, ಆಕ್ಸಿಲರೇಟರ್ ಒತ್ತಿದಾಗ ಗಾಡಿ ಮುನ್ನುಗ್ಗುವ ಗುಣವೂ ಪಿಕಪ್ಪೇ. ಮೊದಲನೆಯದಕ್ಕೆ ಎರಡನೆಯದನ್ನು ತುಂಬುವ ವಿದ್ಯೆಯೊಂದು ನಮ್ಮ ಗ್ಯಾರೇಜುಗಳಲ್ಲಿ ಬಹಳ ಕಾಲದಿಂದ ಇದೆ. ಅಥವಾ ಇತ್ತು ಎನ್ನಬೇಕೋ ಏನೋ. ಒಂದು ಗಾಡಿಯ ಎಂಜಿನ್ ಇಳಿಸಿ, ಬೇರೆ ಗಾಡಿಯ ದೊಡ್ಡ ಎಂಜಿನ್ ತಂದು ಕೂರಿಸುವುದು. ‘ಕೂರಿಸುವುದು’ ಎಂಬ ಮಾತೇ ಚೆನ್ನ. ಮದುವೆಗೆ ಗಂಡು ಕೂರಿಸಿದಂತೆ, ದೇವರನ್ನು ಪೀಠದಲ್ಲಿ ಕೂರಿಸಿದಂತೆ, ಕೂರಿಸಿದ್ದು ಆಮೇಲೆ ಅಲುಗಬಾರದು.

ಮೊದಲು ಈ ಪುಟ್ಟ ಗಾಡಿಯ ಜಾತಕ ನೋಡೋಣ. ಟಾಟಾ ಏಸ್ ಮಾರುಕಟ್ಟೆಗೆ ಬಂದದ್ದು 2005ರಲ್ಲಿ. ಎರಡು ಸಿಲಿಂಡರಿನ ಡೀಸೆಲ್ ಎಂಜಿನ್, 702 ಸಿಸಿ, 16 ಅಶ್ವಶಕ್ತಿ. ಆ 702ರ ಹಿಂದೆ ಒಂದು ಸ್ವಾರಸ್ಯವಿದೆ. ಅದೇ ಕಂಪನಿಯ ಇಂಡಿಕಾ ಕಾರಿನ ಡೀಸೆಲ್ ಎಂಜಿನ್ನು ನಾಲ್ಕು ಸಿಲಿಂಡರು, 1405 ಸಿಸಿ. ಹೊಸ ಎಂಜಿನ್ ಮಾಡುವ ಖರ್ಚು ಉಳಿಸಲು ಅದನ್ನೇ ಅರ್ಧಕ್ಕೆ ಇಳಿಸಿ ಏಸ್‌ಗೆ ಕೊಟ್ಟರು. ಅಂದರೆ ಚೋಟಾ ಹಾಥಿ, ಪುಟ್ಟ ಆನೆ, ಎಂದು ಕರೆಸಿಕೊಳ್ಳುವ ಏಸ್‌ನ ಎದೆಯಲ್ಲಿರುವುದು ಅರ್ಧ ಇಂಡಿಕಾ. ಉಳಿದರ್ಧವನ್ನೂ ಸೇರಿಸಿಬಿಟ್ಟರೆ ಆಯಿತಲ್ಲ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಕಂಪನಿಗೂ ಅನ್ನಿಸಿತು. 2009ರಲ್ಲಿ 1405 ಸಿಸಿಯ ಎಂಜಿನ್ ಹಾಕಿ ಸೂಪರ್ ಏಸ್ ಎಂದು ತಂದರು. ಆದರೆ ಎಂಜಿನ್ನೊಂದನ್ನೇ ಬದಲಿಸಲಿಲ್ಲ, ಗಾಡಿಯನ್ನೇ ಬೇರೆ ಮಾಡಿದರು. ಉದ್ದ ಹೆಚ್ಚಿತು, ಚಕ್ರ ದೊಡ್ಡದಾಯಿತು, ಹೊರುವ ಭಾರ ಒಂದು ಟನ್ ಆಯಿತು. ಕಾರ್ಖಾನೆಯವರು ಏಕೆ ಅಷ್ಟು ಕಷ್ಟಪಟ್ಟರು ಎಂಬುದರಲ್ಲೇ ನಮ್ಮ ನೆರೆಯವರ ಪ್ರಶ್ನೆಗೆ ಮುಕ್ಕಾಲು ಉತ್ತರವಿದೆ.

ಆದರೂ ಲೆಕ್ಕ ಹಾಕಿ ತೋರಿಸದೆ ಮೇಷ್ಟ್ರ ಮಾತಿಗೆ ಬೆಲೆ ಬರುವುದಿಲ್ಲ. ಗಾಡಿಯ ಅರ್ಧ ಆಯುಸ್ಸು ಕಳೆದಿಲ್ಲ, ಎಂಜಿನ್ ಹದವಾಗಿದೆ ಎಂದುಕೊಳ್ಳಿ. ಗಾಡಿ, ಹೊರೆ ಎರಡೂ ಸೇರಿ ಸುಮಾರು 1550 ಕೆ.ಜಿ. ಹತ್ತು ಮೀಟರು ಮುಂದೆ ಹೋದರೆ ಒಂದು ಮೀಟರು ಏರುವ ಚಡಾವು. 16 ಅಶ್ವಶಕ್ತಿಯಲ್ಲಿ ಗೇರು, ಗ್ಯಾರೇಜಿನವರು ಹೌಸಿಂಗ್ ಎನ್ನುವ ಡಿಫರೆನ್ಷಿಯಲ್ ನುಂಗಿದ್ದು ಕಳೆದರೆ ಅಲ್ಲಿ ಗಂಟೆಗೆ ಇಪ್ಪತ್ತು ಕಿ.ಮೀ. ಆಸುಪಾಸಿನಲ್ಲಿ ಹತ್ತಬಹುದು, ಅಷ್ಟೆ. ಗಾಡಿಗೆ ಕಂಪನಿ ಹೇಳಿದ ಹೊರೆಯ ಎರಡರಷ್ಟು ಹೇರಿದರೆ ಆ ಇಪ್ಪತ್ತು ಹದಿನಾಲ್ಕಕ್ಕೆ ಇಳಿಯುತ್ತದೆ. ಎಂಜಿನ್ನಿನ ಶಕ್ತಿ ಇಮ್ಮಡಿಯಾದರೆ ಹತ್ತುವ ವೇಗವೂ ಇಮ್ಮಡಿಯಾಗುತ್ತದೆ, ಅದರಲ್ಲಿ ಸುಳ್ಳಿಲ್ಲ. ಆದರೆ ಹತ್ತಿದ ಗಾಡಿ ಇಳಿಯಲೂಬೇಕು. ಇಳಿಜಾರಿನಲ್ಲಿ ಕೆಲಸ ಎಂಜಿನ್ನಿನದಲ್ಲ, ಬ್ರೇಕಿನದು. ವೇಗ ಐವತ್ತರಿಂದ ಎಪ್ಪತ್ತಕ್ಕೆ ಏರಿದರೆ ಗಾಡಿ ನಿಲ್ಲಿಸಲು ಬ್ರೇಕ್ ಕುಡಿಯಬೇಕಾದ ಶಾಖ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಏಸ್‌ನ ಚಕ್ರದ ರಿಮ್ಮು ಹನ್ನೆರಡು ಅಂಗುಲದ್ದು. ಅದರೊಳಗೆ ಹಿಡಿಸುವ ಬ್ರೇಕು ಎಷ್ಟು ದೊಡ್ಡದಿದ್ದೀತು?

ದಸರೆಯ ಊರಿನವರಿಗೆ ಇದನ್ನು ಬೇರೆ ಥರ ಹೇಳಬಹುದು. ಚಿನ್ನದ ಅಂಬಾರಿಯ ತೂಕ ಸುಮಾರು 750 ಕೆ.ಜಿ. ಮೊದಲ ಟಾಟಾ ಏಸ್ ಹೊರಬಹುದೆಂದು ಕಂಪನಿ ಹೇಳಿದ ಭಾರವೂ 750 ಕೆ.ಜಿ.ಯೇ. ಚೋಟಾ ಹಾಥಿ ಎಂದು ಹೆಸರಿಟ್ಟವರು ಈ ಲೆಕ್ಕ ನೋಡಿ ಇಟ್ಟಿರಲಾರರು, ಆದರೂ ಕೂಡಿಬಂದಿದೆ. ಅಂಬಾರಿ ಹೊರುವ ಆನೆಯ ಬೆನ್ನಿಗೆ ನೇರವಾಗಿ ಅಂಬಾರಿ ಬಿಗಿಯುವುದಿಲ್ಲ. ವಾರಗಟ್ಟಲೆ ಮರಳು ಮೂಟೆ ಹೊರಿಸಿ ತಾಲೀಮು ನಡೆಸುತ್ತಾರೆ. ಆ ದಿನ ನಮ್ದಾ ಹಾಸಿ, ಗಾದಿ ಹೊದಿಸಿ, ಹಗ್ಗ ಬಿಗಿದು, ವಾಲುತ್ತದೆಯೇ ಎಂದು ನಾಲ್ಕು ದಿಕ್ಕಿನಿಂದ ನೋಡಿ ಆಮೇಲೆ ಅಂಬಾರಿ. ಎಂಜಿನ್ ಕೂರಿಸುವ ಮೇಸ್ತ್ರಿಯ ಕಷ್ಟವೂ ಎಂಜಿನ್ನಿನದಲ್ಲ. ನಮ್ದಾ, ಗಾದಿ, ಹಗ್ಗದ್ದು.

ಈ ವಿದ್ಯೆ ನಿಜವಾಗಿ ಬೆಳೆದದ್ದು ಜೀಪುಗಳ ಮೇಲೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ, ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹೊಲಗಳಲ್ಲಿ ಜೀಪೇ ಅಂದಿನ ಪಿಕಪ್ಪು. ಹಿಂದಿನ ಸೀಟು ಕಿತ್ತು ಗೊಬ್ಬರ, ಆಳು, ಹಂದಿಬೇಟೆಯ ನಾಯಿ ಎಲ್ಲವನ್ನೂ ತುಂಬುತ್ತಿದ್ದರು. ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿನದು 2.2 ಲೀಟರಿನ, 60 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್. 1953ರಲ್ಲಿ ಅಮೆರಿಕದ ಕಂಪನಿ ಅದೇ ಅಳತೆಯಲ್ಲಿ ಇನ್ನಷ್ಟು ಶಕ್ತಿ ಹಿಂಡಲು ಒಳಹೋಗುವ ಗಾಳಿಯ ವಾಲ್ವುಗಳನ್ನು ಎಂಜಿನ್ನಿನ ತಲೆಗೆ ಏರಿಸಿತು. ಎಂಜಿನ್ ಎತ್ತರವಾಯಿತು, ಬಾನೆಟ್ ಮುಚ್ಚಲಿಲ್ಲ. ಕೊನೆಗೆ ಬಾನೆಟ್ಟನ್ನೇ ಎತ್ತರಿಸಿದರು. ಮಹೀಂದ್ರದವರು ನಮ್ಮಲ್ಲಿ ಬಹುಕಾಲ ಮಾಡಿದ ಎತ್ತರ ಮೂತಿಯ ಜೀಪಿನ ರೂಪ ಹುಟ್ಟಿದ್ದು ಹೀಗೆ. ನಾವು ಚಂದವೆಂದು ನೋಡುವ ಆ ಮುಖ, ಎಂಜಿನ್ ಹಿಡಿಸದೆ ಆದ ಗೂನು.

1973ರ ತೈಲ ಬಿಕ್ಕಟ್ಟಿನ ಮೇಲೆ ಪೆಟ್ರೋಲ್ ದುಬಾರಿಯಾಯಿತು. ಡೀಸೆಲ್ ಬೆಲೆಯನ್ನು ಸರ್ಕಾರ ಹಿಡಿದಿಟ್ಟಿತು. ಲೀಟರಿಗೆ ಇದ್ದ ಆ ಅಂತರವೇ ನೂರಾರು ಗ್ಯಾರೇಜುಗಳಿಗೆ ಅನ್ನ ಕೊಟ್ಟಿತು. ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್! ಮಹೀಂದ್ರದವರೇ ಟ್ರ್ಯಾಕ್ಟರಿನ ಡೀಸೆಲ್ ಎಂಜಿನ್ನನ್ನು ಜೀಪಿಗೆ ಹೊಂದಿಸಿದರು, ಆಮೇಲೆ ಫ್ರಾನ್ಸಿನ ಪ್ಯೂಜೊ ಕಂಪನಿಯ 2112 ಸಿಸಿ ಎಂಜಿನ್ನಿನ ಪರವಾನಗಿ ತಂದರು. ಗುಜರಿಗೆ ಬಿದ್ದ ಇವುಗಳ ಎಂಜಿನ್ನು, ಮೆಟಡಾರ್ ವ್ಯಾನಿನ ಎಂಜಿನ್ನು, ಎಲ್ಲಕ್ಕೂ ಗಿರಾಕಿ. ಅಂಬಾಸಿಡರ್ ಟ್ಯಾಕ್ಸಿಗಳಿಗೂ ಮೆಟಡಾರ್ ಎಂಜಿನ್ ಏರಿತು. ಹಿಂದೂಸ್ತಾನ್ ಮೋಟಾರ್ಸ್ ತಾನೇ 1992ರಲ್ಲಿ ಆ ಮುದಿ ಕಾರಿಗೆ ಜಪಾನಿನ ಇಸುಜು ಎಂಜಿನ್ ಕೂರಿಸಿತು. ಕಂಪನಿ ಮಾಡಿದರೆ ಹೊಸ ಮಾದರಿ, ಮೇಸ್ತ್ರಿ ಮಾಡಿದರೆ ರಿಪೇರಿ.

ಮೈಸೂರಿಗೆ ಲೋಹದ ಕೆಲಸ ಹೊಸದಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಯೆಜ್ದಿ ಬೈಕುಗಳನ್ನು ಮಾಡಿತು. ಅದು ಮುಚ್ಚಿ ಇಷ್ಟು ವರ್ಷವಾದರೂ ರಸ್ತೆ ಬದಿಯಲ್ಲಿ ಗೋಣಿತಾಟು ಹಾಸಿ ಅದರ ಎಂಜಿನ್ ಬಿಚ್ಚುವವರು ಇಲ್ಲಿ ಸಿಗುತ್ತಾರೆ. ಲೇತ್ ಅಂಗಡಿಗಳಿಗೂ ಬರವಿಲ್ಲ. ಎಂಜಿನ್ ಬದಲಿಸುವ ಕೆಲಸದ ತಿರುಳು ಇರುವುದು ಲೇತಿನಲ್ಲಿ. ಒಂದು ಕಂಪನಿಯ ಎಂಜಿನ್ನಿನ ಬೋಲ್ಟು ತೂತಿಗೂ ಇನ್ನೊಂದರ ಗೇರ್‌ಬಾಕ್ಸಿನ ತೂತಿಗೂ ಹೊಂದಾಣಿಕೆ ಇರುವುದಿಲ್ಲ. ನಡುವೆ ದಪ್ಪ ತಗಡಿನ ಪ್ಲೇಟೊಂದನ್ನು ಕೊರೆದು, ಒಂದು ಮುಖದಲ್ಲಿ ಇದರ ತೂತು, ಇನ್ನೊಂದರಲ್ಲಿ ಅದರ ತೂತು ಮಾಡಬೇಕು. ನಡುಮಧ್ಯ ಕೂದಲೆಳೆಯಷ್ಟು ಸರಿದರೂ ಕ್ಲಚ್ ಅದುರುತ್ತದೆ, ಬೇರಿಂಗ್ ಕೂಗುತ್ತದೆ. ಪೇಟೆ ಬೀದಿಯ ಸಣ್ಣ ಅಂಗಡಿಯಲ್ಲಿ ಸೀಮೆಸುಣ್ಣದ ಗೆರೆ, ಡಯಲ್ ಗೇಜು ಮತ್ತು ಬಾಯಲ್ಲೊಂದು ಬೀಡಿ ಇಟ್ಟುಕೊಂಡು ಅದನ್ನು ಸಾಧಿಸುತ್ತಿದ್ದ ಕೈಗಳಿಗೆ ಯಾವ ಎಂಜಿನಿಯರಿಂಗ್ ಕಾಲೇಜೂ ಪದವಿ ಕೊಡಲಿಲ್ಲ.

ಎಂಜಿನ್ ಚೈನ್ ಬ್ಲಾಕಿನಲ್ಲಿ ತೂಗಿ ಕೆಳಗಿಳಿದ ಮೇಲೆ ನಿಜವಾದ ತಕರಾರು ಶುರು. ಆಯಿಲ್ ಸಂಪು ಮುಂದಿನ ಆಕ್ಸಲಿಗೆ ತಾಗುತ್ತದೆ. ಫ್ಯಾನು ರೇಡಿಯೇಟರಿಗೆ ಮುತ್ತಿಡುತ್ತದೆ. ಡೀಸೆಲ್ ಎಂಜಿನ್ ಭಾರ, ಆದ್ದರಿಂದ ಮೂತಿ ಕುಸಿಯುತ್ತದೆ. ಮುಂದಿನ ಸ್ಪ್ರಿಂಗಿಗೆ ಇನ್ನೊಂದು ಪ್ಲೇಟು. ಹಳೆಯ ಜೀಪಿನ ವಿದ್ಯುತ್ತು 6 ವೋಲ್ಟಿನದು, ಡೀಸೆಲ್ ಸ್ಟಾರ್ಟರಿಗೆ 12 ಬೇಕು. ಗೇರ್‌ಬಾಕ್ಸ್ ಹಿಂದೆ ಸರಿದರೆ ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಿ ವೆಲ್ಡ್ ಮಾಡಿ ಬ್ಯಾಲೆನ್ಸ್ ನೋಡಬೇಕು. ಅಷ್ಟಾದರೂ ಮುಗಿಯಲಿಲ್ಲ: ಆ ಕಾಲದ ಜೀಪಿನ ಹೌಸಿಂಗಿನಲ್ಲಿ ಚಕ್ರ ಒಂದು ಸುತ್ತು ಸುತ್ತಲು ಶಾಫ್ಟು 5.38 ಸುತ್ತು ತಿರುಗಬೇಕು. ಪೆಟ್ರೋಲ್ ಎಂಜಿನ್ ಗಿರಗಿರ ತಿರುಗುವುದರಿಂದ ಅದಕ್ಕೆ ಸರಿ, ನಿಧಾನವಾಗಿ ತಿರುಗುವ ಡೀಸೆಲ್ಲಿಗೆ ಅದೇ ಹೌಸಿಂಗ್ ಇಟ್ಟರೆ ಗಾಡಿ ಮೈಸೂರು–ಹುಣಸೂರು ರಸ್ತೆಯಲ್ಲಿ ಅರಚುತ್ತದೆಯೇ ಹೊರತು ಓಡುವುದಿಲ್ಲ. ಕ್ರೌನ್ ಪಿನಿಯನ್ ಬದಲಿಸಬೇಕು. ಬ್ರೇಕಿಗೆ ಬೂಸ್ಟರ್ ಹಾಕೋಣವೆಂದರೆ, ಪೆಟ್ರೋಲ್ ಎಂಜಿನ್ ಉಸಿರೆಳೆಯುವಾಗ ತಾನಾಗಿ ಹುಟ್ಟುವ ನಿರ್ವಾತ ಡೀಸೆಲ್ಲಿನಲ್ಲಿ ಹುಟ್ಟುವುದಿಲ್ಲ. ಅದಕ್ಕೊಂದು ಬೇರೆ ಪಂಪು.

ಸೋಮವಾರಪೇಟೆ ಕಡೆ ನನ್ನ ಸೋದರಮಾವನ ಜೀಪಿಗೆ ಹೀಗೆ ಡೀಸೆಲ್ ಎಂಜಿನ್ ಹಾಕಿಸಿದ್ದರು. ಡ್ಯಾಶ್‌ಬೋರ್ಡಿನಡಿ ಒಂದು ಗುಂಡಿ ಜೋತುಬಿದ್ದಿತ್ತು. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ, ಕೀಲಿ ತಿರುಗಿಸಿ ಜೇಬಿಗೆ ಹಾಕಿಕೊಂಡರೂ ಓಡುತ್ತಲೇ ಇರುತ್ತದೆ. ಆ ಗುಂಡಿ ಎಳೆದರೆ ತಂತಿ ಹೋಗಿ ಪಂಪಿನಲ್ಲಿ ಡೀಸೆಲ್ ತಡೆಯುತ್ತದೆ, ಆಗ ಎಂಜಿನ್ ನಿಲ್ಲುತ್ತದೆ. ಒಮ್ಮೆ ತಂತಿ ತುಂಡಾಗಿ, ಮಾವ ಜೀಪನ್ನು ನಾಲ್ಕನೇ ಗೇರಿಗೆ ಹಾಕಿ, ಬ್ರೇಕ್ ಒತ್ತಿ ಹಿಡಿದು, ಕ್ಲಚ್ ಬಿಟ್ಟು ಉಸಿರುಗಟ್ಟಿಸಿ ನಿಲ್ಲಿಸಿದ್ದು ನೆನಪಿದೆ. ‘ಇದು ನಮ್ಮ ಮಾತು ಕೇಳೋ ಜೀಪಲ್ಲ ಕಣೋ, ಇದಕ್ಕೆ ಇಬ್ಬರು ಯಜಮಾನರು’ ಎಂದಿದ್ದರು.

ಮೂರನೆಯ ಯಜಮಾನ ಇರುವುದು ಕೃಷ್ಣಮೂರ್ತಿಪುರಂನಿಂದ ನಡೆದೇ ಹೋಗಬಹುದಾದ ಆರ್‌ಟಿಒ ವೃತ್ತದಲ್ಲಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮೊದಲು ಸಡಿಲವಾಗಿತ್ತು; ನೋಂದಣಿ ಅಧಿಕಾರಿಗೆ ತಿಳಿಸಿ ಒಪ್ಪಿಗೆ ಪಡೆದು ಬದಲಾವಣೆಯನ್ನು ಆರ್‌ಸಿಗೆ ಏರಿಸಬಹುದಿತ್ತು. 2000ದ ತಿದ್ದುಪಡಿ ಆ ಬಾಗಿಲು ಹಾಕಿತು. ತಯಾರಕರು ಮೊದಲು ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿನ ವಿವರಕ್ಕೂ ವ್ಯತ್ಯಾಸ ಬರುವಂತೆ ಮಾಲೀಕ ಗಾಡಿಯನ್ನು ಬದಲಿಸುವಂತಿಲ್ಲ. ಕೇರಳದಿಂದ ಬಂದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಖಡಾಖಂಡಿತವಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಶಿಕ್ಷೆಯೂ ಬಂತು: ಬದಲಾವಣೆ ಒಂದಕ್ಕೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಸರಕು ಗಾಡಿಯಾದರೆ ಎಫ್‌ಸಿಗೆ ಹೋದಾಗಲೆಲ್ಲ ಎಂಜಿನ್ ನಂಬರ್ ನೋಡುತ್ತಾರೆ. ಕಾನೂನಿಗಿಂತ ಮುಂಚೆ ಈ ಕಸುಬಿನ ಬೇರು ಸಡಿಲಿಸಿದ್ದು ಮಾತ್ರ ಪಂಪಿನ ಮೀಟರು. 2014ರ ಅಕ್ಟೋಬರಿನಲ್ಲಿ ಡೀಸೆಲ್ ಬೆಲೆಯ ಮೇಲಿನ ಸರ್ಕಾರದ ಹಿಡಿತ ಹೋಯಿತು. ಪೆಟ್ರೋಲಿಗೂ ಡೀಸೆಲ್ಲಿಗೂ ಅಂತರ ಕಿರಿದಾದ ಮೇಲೆ ಖರ್ಚು ಮಾಡಿ ಎಂಜಿನ್ ಬದಲಿಸುವವರು ಯಾರು?

ನನಗಿದು ಕೆಟ್ಟ ಕಾನೂನು ಅನ್ನಿಸುವುದಿಲ್ಲ. ಎಲ್ಲ ಮೇಸ್ತ್ರಿಗಳೂ ಶಾಫ್ಟಿನ ಬ್ಯಾಲೆನ್ಸ್ ನೋಡುತ್ತಿರಲಿಲ್ಲ, ಬ್ರೇಕಿನ ಬಗ್ಗೆ ಯೋಚಿಸಿದವರು ಇನ್ನೂ ಕಡಿಮೆ. ಆದರೆ ಸರಿಯಾಗಿ ಮಾಡಿದವರ ಕೆಲಸವನ್ನು ಪರೀಕ್ಷಿಸಿ ಒಪ್ಪುವ ದಾರಿಯನ್ನೂ ಜೊತೆಗೇ ಮುಚ್ಚಿದ್ದು ಬೇಸರ. ಕಾನೂನು ತೆರೆದಿಟ್ಟ ಕಿಂಡಿ ಒಂದಿದೆ: ಇಂಧನ ಬದಲಿಸುವುದು. ಅನುಮೋದಿತ ಕಿಟ್ ಹಾಕಿಸಿ ಅನಿಲಕ್ಕೆ, ವಿದ್ಯುತ್ತಿಗೆ ಬದಲಾಗಬಹುದು. ಹೊಸ ಗಾಡಿಯನ್ನೇ ಕೊಳ್ಳುವುದಾದರೆ, 2022ರಲ್ಲಿ ಬಂದ ಬ್ಯಾಟರಿ ಏಸ್‌ನ ಮೋಟಾರಿನದು 36 ಅಶ್ವಶಕ್ತಿ. ತಿರುಗುಬಲ 130 ನ್ಯೂಟನ್ ಮೀಟರು, ಮೊದಲ ಡೀಸೆಲ್ ಏಸ್‌ನ ಮೂರು ಪಟ್ಟಿಗೂ ಹೆಚ್ಚು. ನಿಂತಲ್ಲಿಂದಲೇ ಅಷ್ಟೂ ಸಿಗುತ್ತದೆ, ತಾಳಬೆಟ್ಟದ ತಿರುವಿನಲ್ಲಿ ಗೇರು ಹುಡುಕಬೇಕಿಲ್ಲ. ಬೆಲೆ ಕೇಳಿ ನೆರೆಯವರು ನಕ್ಕರು.

ಅವರ ಗಾಡಿಯನ್ನು ಕೊನೆಗೆ ನಂಜುಮಳಿಗೆ ಕಡೆಯ ಹಳೆಯ ಮೇಸ್ತ್ರಿಯೊಬ್ಬರ ಹತ್ತಿರ ಒಯ್ದೆವು. ಅವರು ಎಂಜಿನ್ ಚಾಲೂ ಮಾಡಿಸಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬ್ಲಾಕಿಗೂ ಹಿಡಿಯನ್ನು ಕಿವಿಗೂ ಒತ್ತಿ ಸ್ವಲ್ಪ ಹೊತ್ತು ಕೇಳಿದರು. ಏರ್ ಫಿಲ್ಟರ್ ತೆಗೆದು ನೆಲಕ್ಕೆ ಬಡಿದರೆ ಶಾಮಿಯಾನದ ಧೂಳೆಲ್ಲ ಅಲ್ಲಿತ್ತು. ನಾಜಲ್ ಸರ್ವಿಸ್‌ಗೆ ಕೊಟ್ಟರು, ಸವೆದ ಕ್ಲಚ್ ಪ್ಲೇಟ್ ಬದಲಿಸಿದರು. ‘ಎಷ್ಟು ಕುರ್ಚಿ ಹೇರ್ತೀಯಪ್ಪ?’ ಎಂದು ಕೇಳಿದರು. ಇವರು ಹೇಳಿದ ಸಂಖ್ಯೆಗೆ ಮೇಸ್ತ್ರಿ ನನ್ನ ಮುಖ ನೋಡಿದರು.

ಕಳೆದ ಶನಿವಾರ ಬೆಟ್ಟದ ಇನ್ನೊಂದು ಕಾರ್ಯ ಬಂತು. ಬೆಳಿಗ್ಗೆ ಹಾಲು ತರಲು ಹೋದಾಗ ನೆರೆಯವರು ಗಾಡಿಯಿಂದ ಅರ್ಧ ಕುರ್ಚಿಗಳನ್ನು ಇಳಿಸಿ ಹೊಂಗೆಮರದ ಕೆಳಗೆ ಪೇರಿಸುತ್ತಿದ್ದರು.

‘ಎರಡು ಟ್ರಿಪ್ ಹೊಡೀತೀನಿ ಬಿಡಿ ಮೇಷ್ಟ್ರೇ’ ಎಂದರು. ‘ಸ್ವಲ್ಪ ಈ ಕುರ್ಚಿ ಕಡೆ ಕಣ್ಣಿಟ್ಟಿರಿ, ಹಸು ಬಂದು ಬೀಳಿಸುತ್ತೆ.’