ನರ ಸತ್ತಿಲ್ಲ, ಹಳಿ ಕಟ್ಟಿದೆ

2025ರ ಅಕ್ಟೋಬರಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಸಂಶೋಧನೆ ಪ್ರಕಟವಾಯಿತು. ಮೋಟಾರ್ ನ್ಯೂರಾನ್ ಕಾಯಿಲೆಯ ಪ್ರಮುಖ ಬಗೆಯಾದ ಎಎಲ್ಎಸ್ ಇರುವವರಲ್ಲಿ ರೋಗನಿರೋಧಕ ಟಿ-ಕೋಶಗಳು ಸ್ವಂತ ನರಕೋಶದ ಪ್ರೋಟೀನೊಂದಕ್ಕೇ ಪ್ರತಿಕ್ರಿಯಿಸುತ್ತವೆಯಂತೆ. ಹಾಗಾದರೆ ಇಮ್ಯುನಿಟಿ ತಗ್ಗಿಸಿದರೆ ಗುಣವಾದೀತೇ?

ಅವಸರ ಬೇಡ. 1992ರಲ್ಲಿಯೂ ಇಂಥದೇ ಆಸೆ ಚಿಗುರಿತ್ತು. ಹ್ಯೂಸ್ಟನ್ನಿನ ಸ್ಟ್ಯಾನ್ಲಿ ಅಪೆಲ್ ಅವರ ತಂಡ ರೋಗಿಗಳ ರಕ್ತದಲ್ಲಿ ಕ್ಯಾಲ್ಸಿಯಂ ಚಾನೆಲ್‌ಗಳಿಗೆ ಅಂಟುವ ಪ್ರತಿಕಾಯಗಳನ್ನು ಕಂಡಿತ್ತು. ಆದರೆ ಪ್ಲಾಸ್ಮಾ ಬದಲಿಸಿ ನೋಡಿದರೂ, ಇಮ್ಯುನಿಟಿ ತಗ್ಗಿಸುವ ಸೈಕ್ಲೋಫಾಸ್ಫಮೈಡ್ ಕೊಟ್ಟರೂ, ವಿಕಿರಣ ಹಾಯಿಸಿದರೂ ಕಾಯಿಲೆ ಜಗ್ಗಲಿಲ್ಲ.

ಪ್ರತಿಕಾಯದ ನಿಜವಾದ ಕೈವಾಡ ಬಯಲಾದದ್ದು ಎಎಲ್ಎಸ್‌ನಂತೆಯೇ ಕಾಣುವ ಇನ್ನೊಂದು ಕಾಯಿಲೆಯಲ್ಲಿ. 1988ರಲ್ಲಿ ಅಲನ್ ಪೆಸ್ಟ್ರಾಂಕ್ ಮತ್ತು ಸಂಗಡಿಗರು ಇಬ್ಬರು ರೋಗಿಗಳನ್ನು ವರ್ಣಿಸಿದರು. ಕೈ ಬಲ ಕುಸಿದಿತ್ತು, ಸ್ಪರ್ಶಜ್ಞಾನ ಮಾತ್ರ ಸರಿಯಿತ್ತು. ರಕ್ತದಲ್ಲಿ ಜಿಎಂ1 ಎಂಬ ನರದ ಕೊಬ್ಬು-ಸಕ್ಕರೆ ಅಣುವಿನ ವಿರುದ್ಧ ಪ್ರತಿಕಾಯಗಳಿದ್ದವು. ಚಿಕಿತ್ಸೆಗೆ ಅವರು ಚೇತರಿಸಿಕೊಂಡರು! ಇದೇ ಮಲ್ಟಿಫೋಕಲ್ ಮೋಟಾರ್ ನ್ಯೂರೋಪತಿ, ಎಂಎಂಎನ್.

ಮಳೆಗಾಲದ ಕೊಂಕಣ ರೈಲನ್ನು ನೆನೆಯಿರಿ. ಭಟ್ಕಳದಿಂದ ಹೊರಟ ಗಾಡಿ ಹೊನ್ನಾವರ ದಾಟಿ ಕುಮಟಾ ಸೇರಬೇಕು. ನಡುವೆ ಗುಡ್ಡ ಕುಸಿದರೆ ಎರಡೂ ತುದಿಯ ಸ್ಟೇಷನ್ನುಗಳು ಸರಿಯಿದ್ದೂ ಗಾಡಿ ನಿಲ್ಲುತ್ತದೆ. ಎಂಎಂಎನ್ ಅಂಥದು, ಮಣ್ಣು ತೆಗೆದರೆ ಸಂಚಾರ ಶುರು. ಎಎಲ್ಎಸ್‌ನಲ್ಲಿ ಗಾಡಿ ಹೊರಡುವ ಸ್ಟೇಷನ್ನೇ, ಅಂದರೆ ಬೆನ್ನುಹುರಿಯ ನರಕೋಶವೇ, ಸಾಯುತ್ತದೆ. ಹಾಗೆಂದು ಎಂಎಂಎನ್‌ನ ಮಣ್ಣನ್ನು ವರ್ಷಗಟ್ಟಲೆ ಬಿಟ್ಟರೆ ಹಳಿಯೂ ಹಾಳಾಗುತ್ತದೆ.

ಭಟ್ಕಳ ಮಲ್ಲಿಗೆ ಕಟ್ಟುವ ಕೈಯನ್ನೇ ಊಹಿಸಿಕೊಳ್ಳಿ. ಬಾಳೆನಾರು ತಣ್ಣಗಿರುವುದು ಬೆರಳಿಗೆ ತಿಳಿಯುತ್ತದೆ, ಗಂಟು ಬಿಗಿಯಲು ಮಾತ್ರ ಬಲವಿಲ್ಲ; ಮಣಿಕಟ್ಟು ಜೋತುಬೀಳುತ್ತದೆ. ಎರಡೂ ಕಾಯಿಲೆ ಹೀಗೆ ಆರಂಭವಾಗಬಹುದು. ಬೇರೆ ಮಾಡಿ ತೋರಿಸುವುದು ನರ್ವ್ ಕಂಡಕ್ಷನ್ ಪರೀಕ್ಷೆ: ಮಣಿಕಟ್ಟಿನಲ್ಲಿ ಶಾಕ್ ಕೊಟ್ಟಾಗ ಸ್ನಾಯು ಜೋರಾಗಿ ಮಿಡಿದು, ಮೊಣಕೈ ಮೇಲೆ ಕೊಟ್ಟಾಗ ಅರ್ಧಕ್ಕಿಳಿದರೆ ನಡುವೆ ತಡೆಯಿದೆ ಎಂದರ್ಥ. ರಕ್ತಪರೀಕ್ಷೆಯೊಂದನ್ನೇ ನಂಬುವಂತಿಲ್ಲ. ಎಂಎಂಎನ್ ಇರುವ ಸುಮಾರು ಅರ್ಧದಷ್ಟು ಜನರಲ್ಲಷ್ಟೇ ಜಿಎಂ1 ಪ್ರತಿಕಾಯ ಸಿಗುತ್ತದೆ. ಎಎಲ್ಎಸ್ ಇರುವ ಕೆಲವರಲ್ಲೂ ಅಲ್ಪಸ್ವಲ್ಪ ಇರುತ್ತದೆ.

ದೊಡ್ಡ ಕಾಯಿಲೆಯೆಂದರೆ ಮಣಿಪಾಲ, ಮಂಗಳೂರು ಇಲ್ಲವೇ ಹುಬ್ಬಳ್ಳಿಗೆ ಓಡುವ, ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ಕೂಗಿ ಸೋತ ಭಟ್ಕಳ-ಕುಮಟಾದ ಈ ಕರಾವಳಿಯಲ್ಲಿ ಇಂಥ ಪರೀಕ್ಷೆಗೇ ದಿನ ಹಿಡಿಯುತ್ತದೆ.

ಎಎಲ್ಎಸ್‌ನ ವೇಷ ಹಾಕುವುದು ಎಂಎಂಎನ್ ಒಂದೇ ಅಲ್ಲ. 1984ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಎಂ. ಗೌರಿ ದೇವಿ ಮತ್ತು ಸಹೋದ್ಯೋಗಿಗಳು ಒಂದೇ ಕೈ ಅಥವಾ ಒಂದೇ ಕಾಲು ಸೊರಗುವ 23 ರೋಗಿಗಳನ್ನು ವರದಿ ಮಾಡಿ ಅದಕ್ಕೆ ‘ಮೊನೊಮೆಲಿಕ್ ಅಮಯೋಟ್ರೋಫಿ’ ಎಂದರು. ಎಳೆಯರನ್ನು ಹಿಡಿಯುವ ಇದು ಕೆಲ ವರ್ಷ ಬೆಳೆದು ತಾನಾಗಿ ನಿಂತುಬಿಡುತ್ತದೆ. ಪ್ರತಿಕಾಯದ ತಂಟೆಯೂ ಇಲ್ಲ.

ಎಂಎಂಎನ್‌ಗೆ ಸ್ಟೀರಾಯ್ಡ್ ನಾಟುವುದಿಲ್ಲ, ಕೆಲವೊಮ್ಮೆ ಉಲ್ಬಣವಾಗುವುದೂ ಉಂಟು. ಬೇಕಾದ್ದು ಸಾವಿರಾರು ದಾನಿಗಳ ಪ್ಲಾಸ್ಮಾದಿಂದ ತೆಗೆದ ಇಮ್ಯುನೋಗ್ಲೋಬುಲಿನ್. 60 ಕಿಲೋ ತೂಕದವರಿಗೆ ಮೊದಲ ಸುತ್ತಿಗೇ ಸುಮಾರು 120 ಗ್ರಾಂ. ಅದರ ಬಲ ಕೆಲವೇ ವಾರಗಳಲ್ಲಿ ಇಳಿಯುವುದರಿಂದ ಹಲವರಿಗೆ ಮತ್ತೆ ಮತ್ತೆ ಏರಿಸಬೇಕು.